ಆಟಿಸಂ, ಎ.ಡಿ.ಎಚ್.ಡಿ. ಮತ್ತು ಅಂತರ್ಜಾಲದ ನಡವಳಿಕೆ: ಹೊಣೆ ಎಲ್ಲಿಯವರೆಗೆ?

ಮೊಬೈಲಿನಿಂದ ಹೋದ ಒಂದು ಸಂದೇಶವೋ ಚಿತ್ರವೋ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಕಳಿಸಿದವನ ಹೆತ್ತವರು ಆಡುವ ಮೊದಲ ಮಾತು ‘ನಮ್ಮ ಹುಡುಗನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ’ ಎಂಬುದು. ದೂರು ಕೊಟ್ಟವರ ಮರುಮಾತು ‘ಮೊಬೈಲ್ ಒತ್ತಲು ತಿಳಿಯುವವನಿಗೆ ಇದು ತಿಳಿಯದೆ?’ ಎಂಬುದು. ಕಳಿಸಿದವನಿಗೆ ಆಟಿಸಂ, ಎ.ಡಿ.ಎಚ್.ಡಿ. ಅಥವಾ ಬೌದ್ಧಿಕ ನ್ಯೂನತೆಯಂತಹ ನರವಿಕಾಸದ ತೊಂದರೆ ಇದ್ದರೆ ಈ ಎರಡು ಮಾತುಗಳ ನಡುವಿನ ವ್ಯಾಜ್ಯ ಸುಲಭವಾಗಿ ಬಗೆಹರಿಯುವಂಥದ್ದಲ್ಲ. ತೊಂದರೆಯ ಹೆಸರು ಹೇಳಿದ ಮಾತ್ರಕ್ಕೆ ಕಾನೂನು ಕ್ಷಮಿಸುವುದಿಲ್ಲ. ಹಾಗೆಂದು ಆ ಹೆಸರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದೂ ಅಲ್ಲ. ಆ ಬೆಲೆ ಸಿಗಬೇಕಾದರೆ ತೊಂದರೆ ಮೊದಲೇ ಪತ್ತೆಯಾಗಿ ದಾಖಲೆಯಲ್ಲಿರಬೇಕು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಂತಹ ಕಡೆ ಸಮಸ್ಯೆ ಆರಂಭವಾಗುವುದೇ ಇಲ್ಲಿಂದ.

ನರವಿಕಾಸದ ತೊಂದರೆ ಎಂದರೇನು?

ಮಿದುಳು ಬೆಳೆಯುವ ಹಂತದಲ್ಲಿಯೇ, ಅಂದರೆ ಎಳೆಯ ವಯಸ್ಸಿನಲ್ಲಿಯೇ ತೋರಿಕೊಂಡು, ಮುಂದೆ ಬದುಕಿನುದ್ದಕ್ಕೂ ಒಂದಲ್ಲ ಒಂದು ಪ್ರಮಾಣದಲ್ಲಿ ಜೊತೆಗಿರುವ ತೊಂದರೆಗಳನ್ನು ವೈದ್ಯಶಾಸ್ತ್ರ ಈ ಗುಂಪಿಗೆ ಸೇರಿಸುತ್ತದೆ. ಆಟಿಸಂ, ಗಮನದ ಕೊರತೆ ಹಾಗೂ ಅತಿ ಚಟುವಟಿಕೆಯ ಎ.ಡಿ.ಎಚ್.ಡಿ., ಬೌದ್ಧಿಕ ನ್ಯೂನತೆ, ಓದು-ಬರಹ-ಲೆಕ್ಕಗಳಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ, ಮಾತು-ಭಾಷೆಯ ತೊಂದರೆಗಳು ಇವುಗಳಲ್ಲಿ ಮುಖ್ಯವಾದವು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇವುಗಳಿಗೆ ಪ್ರತ್ಯೇಕ ಅಧ್ಯಾಯವೇ ಇದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವೂ ಇದೇ ದಾರಿ ಹಿಡಿದಿದೆ. 1943ರಲ್ಲಿ ಲಿಯೊ ಕ್ಯಾನರ್, 1944ರಲ್ಲಿ ಹ್ಯಾನ್ಸ್ ಆಸ್ಪರ್ಗರ್ ಬೇರೆ ಬೇರೆಯಾಗಿ ವಿವರಿಸಿದ ಲಕ್ಷಣಗಳು ಈಗ ಆಟಿಸಂ ಎಂಬ ಒಂದೇ ಹೆಸರಿನಡಿ ಬರುತ್ತವೆ.

ಇವು ಹುಚ್ಚಲ್ಲ. ಚಿತ್ತವಿಭ್ರಮೆಯ ಕಾಯಿಲೆಗಳಂತೆ ಸಾಮಾನ್ಯವಾಗಿ ಹರೆಯದಲ್ಲಿ ಬಂದು, ಚಿಕಿತ್ಸೆಯಿಂದ ಇಳಿದು, ಮತ್ತೆ ಮರುಕಳಿಸುವ ಸ್ವಭಾವ ಇವುಗಳದ್ದಲ್ಲ. ಈ ವ್ಯತ್ಯಾಸ ಮುಂದೆ ಕಾನೂನಿನ ಚರ್ಚೆಯಲ್ಲಿ ಬಹು ಮುಖ್ಯವಾಗುತ್ತದೆ.

ಇವು ಅಪರೂಪದವೂ ಅಲ್ಲ. ಹೈದರಾಬಾದ್, ಉತ್ತರ ಗೋವಾ, ಪಲ್ವಲ್, ಕಾಂಗ್ರಾ, ಧೆಂಕನಾಲ್ ಎಂಬ ಐದು ಕಡೆಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ಇಂತಹ ಒಂದಾದರೂ ತೊಂದರೆ ಇದೆಯೆಂದು ಅಂದಾಜಿಸಿತು. ಶ್ರವಣ ದೋಷ, ದೃಷ್ಟಿದೋಷ, ಮೂರ್ಛೆರೋಗ ಮುಂತಾಗಿ ಒಂಬತ್ತು ಬಗೆಗಳನ್ನು ಸೇರಿಸಿ ಬಂದ ಲೆಕ್ಕವಿದು. ಎಲ್ಲವೂ ನಡವಳಿಕೆಗೆ ಸಂಬಂಧಿಸಿದವಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಮೊಬೈಲಿನಲ್ಲಿ ಯಾವುದು ಕಷ್ಟವಾಗುತ್ತದೆ?

ಎದುರಿಗೆ ಕುಳಿತು ಮಾತನಾಡುವಾಗ ಮುಖದ ಬಣ್ಣ, ದನಿಯ ಏರಿಳಿತ, ಅರೆಕ್ಷಣದ ಮೌನ ಇವೆಲ್ಲ ‘ಇನ್ನು ಸಾಕು’ ಎಂದು ಹೇಳುತ್ತವೆ. ಆಟಿಸಂ ಇರುವ ಅನೇಕರಿಗೆ ಎದುರಿನಲ್ಲಿಯೇ ಈ ಸೂಚನೆಗಳನ್ನು ಓದುವುದು ಕಷ್ಟ. ಪರದೆಯ ಮೇಲಾದರೋ ಸೂಚನೆಗಳೇ ಇರುವುದಿಲ್ಲ. ಇರುವುದು ಬರೀ ಅಕ್ಷರ. ಹೀಗಾಗಿ ಕೆಲವರಿಗೆ ಅಂತರ್ಜಾಲ ಒಂದು ವರದಾನ. ಮುಖ ನೋಡಿ ಮಾತನಾಡಬೇಕಾದ ಕಷ್ಟವಿಲ್ಲದೆ, ತಮ್ಮ ಮೆಚ್ಚಿನ ವಿಷಯದ ಬಗ್ಗೆ ತಮ್ಮಂಥವರೊಡನೆ ಗಂಟೆಗಟ್ಟಲೆ ಒಡನಾಡಬಹುದು. ಅದೇ ಗುಣ ಒಮ್ಮೊಮ್ಮೆ ಎಡವಟ್ಟಿಗೂ ದಾರಿಯಾಗುತ್ತದೆ. ‘ಆಮೇಲೆ ನೋಡೋಣ’ ಎಂಬ ಉತ್ತರವನ್ನು ಬಹುಪಾಲು ಜನ ನಯವಾದ ನಿರಾಕರಣೆಯೆಂದು ಓದುತ್ತಾರೆ. ಅಕ್ಷರಶಃ ಓದುವವನು ಆಮೇಲೆ ಮತ್ತೆ ಕೇಳುತ್ತಾನೆ, ಏಕೆಂದರೆ ಅವನಿಗೆ ಹೇಳಿದ್ದೇ ಹಾಗೆ.

ಎ.ಡಿ.ಎಚ್.ಡಿ.ಯ ಕಥೆ ಬೇರೆ. ಅಲ್ಲಿ ತಪ್ಪು-ಒಪ್ಪು ತಿಳಿದಿರುತ್ತದೆ. ತಿಳಿವಳಿಕೆ ಕೆಲಸಕ್ಕೆ ಬರುವಷ್ಟರಲ್ಲಿ ಬೆರಳು ಗುಂಡಿ ಒತ್ತಿಯಾಗಿರುತ್ತದೆ. ಮಾತಿಗೂ ನಡೆಗೂ ಮುನ್ನ ಒಂದು ಕ್ಷಣ ತಡೆಯುವ ಶಕ್ತಿ ಕಡಿಮೆಯಿರುವುದೇ ಈ ತೊಂದರೆಯ ಮುಖ್ಯ ಲಕ್ಷಣಗಳಲ್ಲೊಂದು. ವಾಟ್ಸ್‌ಆ್ಯಪ್‌ನಂತಹ ಸಾಧನಗಳು ಆ ಒಂದು ಕ್ಷಣವನ್ನೇ ಇಲ್ಲವಾಗಿಸುವಂತೆ ರೂಪುಗೊಂಡಿವೆ. ಬೌದ್ಧಿಕ ನ್ಯೂನತೆ ಇರುವವರಲ್ಲಿ ಹೆಚ್ಚಾಗಿ ಕಾಣುವುದು ಹೇಳಿದ್ದನ್ನು ನಂಬುವ, ಸ್ನೇಹಿತರೆನಿಸಿಕೊಂಡವರನ್ನು ಮೆಚ್ಚಿಸುವ ಸ್ವಭಾವ. ಇವರು ಇತರರನ್ನು ಪೀಡಿಸುವುದಕ್ಕಿಂತ ಇತರರ ಕೈಗೊಂಬೆಯಾಗುವುದೇ ಹೆಚ್ಚು.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಆಟಿಸಂ ಇರುವವರಿಗೆ ಇತರರ ನೋವು ತಟ್ಟುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಎದುರಿನವರಿಗೆ ನೋವಾಗಿದೆ ಎಂದು ಗುರುತಿಸುವುದು ಒಂದು, ಗುರುತಿಸಿದ ಮೇಲೆ ಮರುಗುವುದು ಇನ್ನೊಂದು. ಇವರಲ್ಲಿ ತೊಡಕಿರುವುದು ಬಹುಮಟ್ಟಿಗೆ ಮೊದಲನೆಯದರಲ್ಲಿ. ಬೇಕೆಂದೇ ಹೆದರಿಸುವುದು, ಗೊತ್ತಿದ್ದೂ ಅವಮಾನಿಸುವುದು ಯಾವ ನರವಿಕಾಸದ ತೊಂದರೆಯ ಲಕ್ಷಣವೂ ಅಲ್ಲ. ಹಾಗೆ ಮಾಡಿದವನಿಗೆ ಆಟಿಸಂ ಇದ್ದರೆ, ಎರಡೂ ಒಬ್ಬನಲ್ಲಿಯೇ ಇವೆ ಎಂದಷ್ಟೇ ಅರ್ಥ.

ಕಾನೂನು ಏನು ಕೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂ, ಹಳೆಯ ದಂಡಸಂಹಿತೆಯ 84ನೆಯ ಕಲಮಿನ ಮುಂದುವರಿಕೆ. ಕೃತ್ಯ ಎಸಗುವ ವೇಳೆಯಲ್ಲಿ ಅಸ್ವಸ್ಥಚಿತ್ತದ ಕಾರಣದಿಂದ ತಾನು ಮಾಡುತ್ತಿರುವುದು ಏನು, ಅಥವಾ ಅದು ತಪ್ಪು ಇಲ್ಲವೆ ಕಾನೂನುಬಾಹಿರ ಎಂದು ಅರಿಯಲು ಅಸಮರ್ಥನಾಗಿದ್ದವನ ಕೃತ್ಯ ಅಪರಾಧವಲ್ಲ ಎಂಬುದು ಅದರ ತಾತ್ಪರ್ಯ. 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದ ನಿಯಮ 1860ರಲ್ಲಿ ನಮ್ಮ ದಂಡಸಂಹಿತೆಗೆ ಬಂದು, ಹೆಚ್ಚಿನ ಬದಲಾವಣೆಯಿಲ್ಲದೆ ಹೊಸ ಸಂಹಿತೆಯನ್ನೂ ಸೇರಿದೆ.

ಕೇಳುವ ಪ್ರಶ್ನೆ ರೋಗದ ಹೆಸರಿನದಲ್ಲ, ಆ ಗಳಿಗೆಯ ಅರಿವಿನದು. ವೈದ್ಯರು ಒಪ್ಪುವ ಅಸ್ವಸ್ಥತೆ ಬೇರೆ, ಕಾನೂನು ಒಪ್ಪುವ ಅಸ್ವಸ್ಥತೆ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 2008ರ ಹರಿಸಿಂಗ್ ಗೊಂಡ್ ಪ್ರಕರಣವೂ ಸೇರಿದಂತೆ ಹಲವು ತೀರ್ಪುಗಳಲ್ಲಿ ಹೇಳಿದೆ. ಈ ಅಳತೆಗೋಲಿನಲ್ಲಿ ನೋಡಿದರೆ, ಓದು-ಬರಹ ಬಲ್ಲ, ಕಾಲೇಜಿಗೆ ಹೋಗುವ, ಆಟಿಸಂ ಅಥವಾ ಎ.ಡಿ.ಎಚ್.ಡಿ. ಇರುವ ವ್ಯಕ್ತಿಗೆ 22ನೆಯ ಕಲಮಿನ ಪೂರ್ಣ ರಕ್ಷಣೆ ದೊರೆಯುವುದು ಬಹಳ ಕಷ್ಟ. ತೀವ್ರ ಪ್ರಮಾಣದ ಬೌದ್ಧಿಕ ನ್ಯೂನತೆಯಿದ್ದರೆ ಮಾತ್ರ ಬೇರೆ ಮಾತು.

ಆದರೆ ಇನ್ನೊಂದು ಬಾಗಿಲಿದೆ. ವಕೀಲರೂ ಒಮ್ಮೊಮ್ಮೆ ಅದನ್ನು ಮರೆಯುತ್ತಾರೆ. 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಬರೆದ ತೀರ್ಪಿನ ಪ್ರಕಾರ, ಆರೋಪಿಯು ಅಸ್ವಸ್ಥಚಿತ್ತನಾಗಿದ್ದನೆಂದು ಪೂರ್ತಿಯಾಗಿ ಸಾಬೀತುಪಡಿಸಲು ಆಗದಿದ್ದರೂ, ಮುಂದಿಟ್ಟ ಸಾಕ್ಷ್ಯ ಅಪರಾಧಕ್ಕೆ ಬೇಕಾದ ಉದ್ದೇಶ ಅವನಲ್ಲಿತ್ತೇ ಎಂಬ ಬಗ್ಗೆ ಸಕಾರಣವಾದ ಸಂಶಯ ಹುಟ್ಟಿಸಿದರೆ ಸಂಶಯದ ಲಾಭ ಅವನಿಗೇ ಸಲ್ಲಬೇಕು. ಉದ್ದೇಶವನ್ನು ರುಜುವಾತುಪಡಿಸುವ ಭಾರ ಕೊನೆಯವರೆಗೂ ಸರ್ಕಾರದ ಮೇಲಿರುತ್ತದೆ. ನರವಿಕಾಸದ ತೊಂದರೆ ಇರುವವರ ಪ್ರಕರಣಗಳಲ್ಲಿ ಬಹುಮಟ್ಟಿಗೆ ಕೆಲಸಕ್ಕೆ ಬರಬೇಕಾದದ್ದು ಈ ತತ್ತ್ವ. ಧಾರ್ಮಿಕ ಭಾವನೆಗೆ ಧಕ್ಕೆ ತರುವ ಅಪರಾಧಕ್ಕೆ, ಅಂದರೆ ಸಂಹಿತೆಯ 299ನೆಯ ಕಲಮಿಗೆ, ಉದ್ದೇಶಪೂರ್ವಕವಾದ ದ್ವೇಷಬುದ್ಧಿ ಇರಲೇಬೇಕು. ವಿಷಯ ಅರಿಯದೆ ಬಂದದ್ದನ್ನು ಮುಂದೆ ಕಳಿಸಿದವನಲ್ಲಿ ಅದನ್ನು ತೋರಿಸುವುದು ಸುಲಭವಲ್ಲ. ಅಶ್ಲೀಲ ಚಿತ್ರ ಕಳಿಸುವುದಕ್ಕೆ ಸಂಬಂಧಿಸಿದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 67ನೆಯ ಕಲಂ ಹಾಗಲ್ಲ; ಕಳಿಸಿದ್ದೇ ಅದರ ತಿರುಳು.

‘ಮಾನಸಿಕ ವಯಸ್ಸು’ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಇಪ್ಪತ್ತೈದರ ಯುವಕನ ಬುದ್ಧಿ ಎಂಟು ವರ್ಷದ ಮಗುವಿನಷ್ಟಿದ್ದರೆ ಅವನನ್ನು ಮಗುವೆಂದೇ ಕಾಣಬಾರದೇಕೆ ಎಂಬುದು ಪ್ರಶ್ನೆ. 2017ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಸಂತ್ರಸ್ತೆಯೊಬ್ಬರ ಪರವಾಗಿ ಬಂದಾಗಲೂ ಒಪ್ಪಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆಯಾದ ಪೋಕ್ಸೊದಲ್ಲಿ ವಯಸ್ಸೆಂದರೆ ಹುಟ್ಟಿದ ದಿನದಿಂದ ಎಣಿಸಿದ ವಯಸ್ಸು ಮಾತ್ರ ಎಂದಿತು. ಇನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹೊರಗಿಟ್ಟದ್ದು ಸರಿಯೇ. ಆದರೆ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ‘ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ’ ಎಂಬ ಉತ್ತರಕ್ಕೆ ಅದೂ ಒಂದು ನೆಪವಾಗಬಲ್ಲದು.

ಹೊರದೇಶಗಳ ಎರಡು ಪ್ರಕರಣಗಳನ್ನು ಇಲ್ಲಿ ನೆನೆಯಬಹುದು. 2001-02ರಲ್ಲಿ ಅಮೆರಿಕದ ಸೇನಾ ಗಣಕಯಂತ್ರಗಳಿಗೆ ನುಗ್ಗಿದ ಆರೋಪ ಹೊತ್ತ ಬ್ರಿಟನ್ನಿನ ಗ್ಯಾರಿ ಮೆಕಿನನ್ ಅವರಿಗೆ ಆಸ್ಪರ್ಗರ್ ಲಕ್ಷಣಗಳಿರುವುದು ಪತ್ತೆಯಾದದ್ದು ಮೊಕದ್ದಮೆ ಶುರುವಾದ ಎಷ್ಟೋ ವರ್ಷಗಳ ನಂತರ. ಹತ್ತು ವರ್ಷಗಳ ಹಗ್ಗಜಗ್ಗಾಟದ ಬಳಿಕ, 2012ರ ಅಕ್ಟೋಬರಿನಲ್ಲಿ ಅಂದಿನ ಗೃಹ ಸಚಿವೆ ತೆರೇಸಾ ಮೇ ಅವರನ್ನು ಅಮೆರಿಕಕ್ಕೆ ಒಪ್ಪಿಸದಂತೆ ತಡೆದರು. ತೀವ್ರ ಆಟಿಸಂ ಇದ್ದ ಆಕ್ಸ್‌ಫರ್ಡಿನ ಅರಿಯನ್ ಕುರ್ತಾಯ್ ಎಂಬ ಹದಿಹರೆಯದವನು ದೊಡ್ಡ ದೊಡ್ಡ ಕಂಪನಿಗಳ ಗುಟ್ಟು ಕದ್ದ ಪ್ರಕರಣದಲ್ಲಿ, ವಿಚಾರಣೆ ಎದುರಿಸಲು ಅವನು ಶಕ್ತನಲ್ಲವೆಂದು ವೈದ್ಯರು ಹೇಳಿದರು. ಪಂಚಾಯ್ತರು ಕೃತ್ಯ ಅವನದೇ ಹೌದೋ ಅಲ್ಲವೋ ಎಂಬುದನ್ನಷ್ಟೇ ತೀರ್ಮಾನಿಸಿದರು. 2023ರ ಡಿಸೆಂಬರಿನಲ್ಲಿ ಅವನನ್ನು ಕಾಲಮಿತಿಯಿಲ್ಲದೆ ಭದ್ರತಾ ಆಸ್ಪತ್ರೆಗೆ ಕಳಿಸಲಾಯಿತು. ತೊಂದರೆಯ ಹೆಸರು ಶಿಕ್ಷೆಯನ್ನು ಹಗುರ ಮಾಡಿಯೇ ತೀರುತ್ತದೆ ಎಂದುಕೊಂಡವರು ಈ ಎರಡನೆಯದನ್ನು ಯೋಚಿಸಬೇಕು.

ಮೂರು ಊಹೆಯ ಪ್ರಕರಣಗಳು

ಕೆಳಗಿನ ಮೂರೂ ಕಲ್ಪಿತ. ವಿಷಯ ಸ್ಪಷ್ಟವಾಗಲೆಂದು ಹೆಣೆದವು.

ಮಸ್ಕಿಯ ಕಡೆಯ ಹತ್ತೊಂಬತ್ತರ ಯುವಕ, ಆಟಿಸಂ ಇದೆ, ಪದವಿ ಓದುತ್ತಿದ್ದಾನೆ. ಸಹಪಾಠಿ ಯುವತಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಸಂದೇಶ ಕಳಿಸುತ್ತಾನೆ. ಆಕೆ ಮೊದಮೊದಲು ‘ಕೆಲಸವಿದೆ’ ಎನ್ನುತ್ತಾಳೆ, ಆಮೇಲೆ ಉತ್ತರಿಸುವುದನ್ನೇ ಬಿಡುತ್ತಾಳೆ, ಕೊನೆಗೆ ಸಂಖ್ಯೆಯನ್ನು ತಡೆಯುತ್ತಾಳೆ. ಅವನು ಬೇರೆ ಸಂಖ್ಯೆಯಿಂದ ಕಳಿಸುತ್ತಾನೆ. ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ, ಮಹಿಳೆಯು ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಪದೇ ಪದೇ ಸಂಪರ್ಕಕ್ಕೆ ಯತ್ನಿಸುವ ಗಂಡಸು ಬೆನ್ನುಹತ್ತಿ ಪೀಡಿಸಿದ ಅಪರಾಧಿ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ.

ಇಲ್ಲಿ ಇಡೀ ವಿಚಾರ ‘ಸ್ಪಷ್ಟವಾಗಿ’ ಎಂಬ ಒಂದು ಪದದ ಮೇಲೆ ನಿಂತಿದೆ. ಯಾರಿಗೆ ಸ್ಪಷ್ಟ? ಮೌನವೂ ಉತ್ತರವೇ ಎಂದು ಬಹುಪಾಲು ಜನ ಬಲ್ಲರು. ಈ ಯುವಕ ಬಲ್ಲನೇ ಎಂಬುದು ನಿಜವಾದ ಪ್ರಶ್ನೆ. ಆದರೆ ಯುವತಿಯ ಭಯವೂ ಅಷ್ಟೇ ನಿಜ. ಕಳಿಸುವವನ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡು ಅವನಿಗೆ ಪಾಠ ಹೇಳುವ ಹೊರೆ ಆಕೆಯದಲ್ಲ. ಆ ಕೆಲಸ ಹೆತ್ತವರದು, ಪ್ರಾಂಶುಪಾಲರದು, ದೂರು ಬಂದರೆ ಪೊಲೀಸರದು. ‘ಆಕೆಗೆ ಇನ್ನು ಮುಂದೆ ಯಾವ ಸಂಖ್ಯೆಯಿಂದಲೂ, ಯಾರ ಮೂಲಕವೂ ಸಂದೇಶ ಕಳಿಸಬೇಡ’ ಎಂದು ಒಂದೇ ವಾಕ್ಯದಲ್ಲಿ, ಬರವಣಿಗೆಯಲ್ಲಿ, ಹಿರಿಯರ ಸಮ್ಮುಖದಲ್ಲಿ ತಿಳಿಸಬೇಕು. ಆಟಿಸಂ ಇರುವ ಎಷ್ಟೋ ಮಂದಿ ಇಂತಹ ನೇರ ನಿಯಮವನ್ನು ಇತರರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ತಿಳಿಸಿದ ಮೇಲೂ ಮುಂದುವರಿದರೆ ಹೊಣೆ ಅವನದೇ. ಆಗ ರೋಗನಿರ್ಣಯದ ಚೀಟಿ ತೋರಿಸಿ ಪ್ರಯೋಜನವಿಲ್ಲ. ತಡೆದ ಮೇಲೆ ಬೇರೆ ಸಂಖ್ಯೆ ಹುಡುಕಿದ್ದು ಈಗಲೇ ಅವನ ವಿರುದ್ಧ ನಿಲ್ಲುವ ಸಂಗತಿಯೆಂಬುದನ್ನೂ ಮರೆಯಬಾರದು.

ಸಿಂಧನೂರಿನ ಹದಿನೈದರ ಬಾಲಕ, ಎ.ಡಿ.ಎಚ್.ಡಿ. ಇರಬಹುದೆಂದು ಶಿಕ್ಷಕರೊಬ್ಬರು ಹಿಂದೊಮ್ಮೆ ಹೇಳಿದ್ದುಂಟು, ಯಾರೂ ತೋರಿಸಲಿಲ್ಲ. ಶಿಕ್ಷಕಿಯೊಬ್ಬರ ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿದ್ದು ಯಾರೋ. ತರಗತಿಯ ಗುಂಪಿಗೆ ದಾಟಿಸಿದ್ದು ಇವನು. ಎರಡು ನಿಮಿಷದಲ್ಲಿ ಅಳಿಸಿದ, ಅಷ್ಟರಲ್ಲಿ ನೂರು ಮೊಬೈಲಿಗೆ ಹೋಗಿತ್ತು. ತಾಂತ್ರಿಕವಾಗಿ ಇದು 67ನೆಯ ಕಲಮಿನ ವ್ಯಾಪ್ತಿ. ವಯಸ್ಕನಿಗಾದರೆ ಮೊದಲ ಸಲ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ. ಚಿತ್ರದಲ್ಲಿರುವುದು ಶಿಕ್ಷಕಿಯಾಗಿರದೆ ಹದಿನೆಂಟರೊಳಗಿನ ಸಹಪಾಠಿಯಾಗಿದ್ದರೆ 67-ಬಿ ಮತ್ತು ಪೋಕ್ಸೊ ಸೇರಿ ಪ್ರಕರಣ ಬಹಳ ಗಂಭೀರವಾಗುತ್ತಿತ್ತು. ಮಕ್ಕಳ ಅಂತಹ ದೃಶ್ಯಗಳನ್ನು ಇಟ್ಟುಕೊಳ್ಳುವುದರ ಬಗ್ಗೆಯೂ 2024ರ ಸೆಪ್ಟೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯ ಕಠಿಣ ನಿಲುವು ತಳೆದಿದೆ.

ಲಿಂಗಸುಗೂರಿನ ಇಪ್ಪತ್ತನಾಲ್ಕರ ಯುವಕ, ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆ. ‘ದೋಸ್ತ’ರು ಅವನ ಹೆಸರಿನಲ್ಲಿ ಸಿಮ್ ತೆಗೆಸಿ, ಬ್ಯಾಂಕ್ ಖಾತೆ ಮಾಡಿಸಿ, ಎ.ಟಿ.ಎಂ. ಕಾರ್ಡು ತಾವೇ ಇಟ್ಟುಕೊಂಡು, ಅವನಿಗೆ ಹೋಟೆಲಿನಲ್ಲಿ ಊಟ ಹಾಕಿಸುತ್ತಾರೆ. ಮೋಸದ ಹಣ ಆ ಖಾತೆಯ ಮೂಲಕ ಹಾಯುತ್ತದೆ. ದೂರದ ಯಾವುದೋ ರಾಜ್ಯದ ಪೊಲೀಸರು ಬರುವುದು ಖಾತೆದಾರನ ಮನೆಗೇ. ಇಲ್ಲಿ ಕೇಳಬೇಕಾದದ್ದು ಅವನು ಹಣ ಸಾಗಿಸಿದನೇ ಎಂಬುದಲ್ಲ, ವಂಚನೆ ನಡೆಯುತ್ತಿದೆಯೆಂದು ಬಲ್ಲನೇ ಎಂಬುದು. ಮೂರರಲ್ಲಿ ದಹ್ಯಾಭಾಯಿ ತೀರ್ಪು ಅತಿ ಹೆಚ್ಚು ಅನ್ವಯಿಸುವುದು ಇದಕ್ಕೆ; ದುರದೃಷ್ಟವಶಾತ್, ಮೂವರಲ್ಲಿ ತನ್ನ ಮಾತನ್ನು ತಾನು ಹೇಳಿಕೊಳ್ಳಲು ಎಲ್ಲರಿಗಿಂತ ಕಡಿಮೆ ಶಕ್ತನಾದವನೂ ಇವನೇ. ರಾಷ್ಟ್ರೀಯ ಟ್ರಸ್ಟ್ ಅಧಿನಿಯಮ, 1999ರ ಅಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಹೆತ್ತವರು ಕಾನೂನುಬದ್ಧ ಪೋಷಕತ್ವ ಪಡೆಯಬಹುದು. ಆಗ ಖಾತೆಯ ಮೇಲೆ ಒಂದು ಕಣ್ಣಿಡಲು ಅವಕಾಶವಾಗುತ್ತದೆ. ಪೋಷಕತ್ವ ಪಡೆದ ಮಾತ್ರಕ್ಕೆ ಅಪರಾಧದ ಹೊಣೆ ಪೋಷಕರಿಗೆ ವರ್ಗವಾಗುವುದಿಲ್ಲ.

ಹದಿನೆಂಟರ ಒಳಗಿನವರು

ಬಾಲನ್ಯಾಯ ಅಧಿನಿಯಮ, 2015 ಹದಿನೆಂಟು ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ತೊಂದರೆ ಇದೆಯೋ ಇಲ್ಲವೋ ಎಂಬ ಭೇದವಿಲ್ಲ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗೆ ತಿಳಿವಳಿಕೆ ಬಲಿತಿಲ್ಲವೆಂದು ಕಂಡರೆ ಅಪರಾಧವಲ್ಲ. ಅದರ ಮೇಲಿನವರು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಾರೆ. ಘೋರವಲ್ಲದ ಅಪರಾಧಗಳಲ್ಲಿ, ದೊಡ್ಡವರ ಜೊತೆ ಸೇರಿ ಎಸಗಿದ್ದಲ್ಲದಿದ್ದರೆ, ಪ್ರಥಮ ವರ್ತಮಾನ ವರದಿಯನ್ನೇ ದಾಖಲಿಸದೆ ಠಾಣಾ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಸಿದ್ಧಪಡಿಸಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಈ ಹಿನ್ನೆಲೆ ವರದಿ ಬಹಳ ಮುಖ್ಯ. ಶಾಲೆಯಲ್ಲಿ ಕಂಡ ಲಕ್ಷಣ, ಹಿಂದಿನ ತಪಾಸಣೆ, ಮಾತು ತಡವಾಗಿ ಬಂದದ್ದು ಇವನ್ನೆಲ್ಲ ಹೆತ್ತವರು ಹೇಳಿ ಬರೆಸಬೇಕಾದ ಜಾಗ ಅದು. ಮಗುವನ್ನು ಲಾಕಪ್ಪಿನಲ್ಲಿಡುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. 74ನೆಯ ಕಲಮಿನ ಪ್ರಕಾರ ಗುರುತು ಪ್ರಕಟಿಸುವುದು ಅಪರಾಧ. ಪತ್ರಿಕೆಗಳು ಹೆಸರು ಮರೆಮಾಚಿದರೂ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹುಡುಗನ ಭಾವಚಿತ್ರ ಹರಿದಾಡುವುದು ಇದೇ ಕಲಮಿನ ಉಲ್ಲಂಘನೆ.

ಮಂಡಳಿಯು ಮಗುವಿಗೆ ಆಪ್ತಸಮಾಲೋಚನೆ, ಸಮಾಜಸೇವೆ ವಿಧಿಸಬಹುದು. ದಂಡ ವಿಧಿಸಿದರೆ ತಂದೆ-ತಾಯಿ ಕಟ್ಟಬೇಕೆಂದೂ ಆದೇಶಿಸಬಹುದು. ಅಂತರ್ಜಾಲದ ಇಂತಹ ಅಪರಾಧಗಳಲ್ಲಿ ಮಗನ ತಪ್ಪಿಗೆ ತಂದೆ ಸೆರೆಗೆ ಹೋಗುವ ಕಾನೂನು ನಮ್ಮಲ್ಲಿಲ್ಲ. ಆದರೆ ಸಿಮ್ ತಂದೆಯ ಹೆಸರಿನಲ್ಲಿದ್ದರೆ ಮೊದಲ ಕರೆ ಬರುವುದು ಅವರಿಗೇ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸ್ಥಿತಿ

ಮೂರೂ ಅಕ್ಕಪಕ್ಕದ ತಾಲ್ಲೂಕುಗಳಾದರೂ ಬದುಕು ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವ ಸಿಂಧನೂರು ಭತ್ತದ ನಾಡು. ತೆಲುಗು ಮಾತಾಡುವ ಕ್ಯಾಂಪುಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಇಲ್ಲಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ, ಮುದಗಲ್ಲಿನ ಕೋಟೆಯಿದೆ, ಮಳೆಯನ್ನೇ ನಂಬಿದ ಒಣಭೂಮಿಯೂ ಇದೆ. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದರಿಂದ ಜಗತ್ತಿಗೆ ಪರಿಚಿತವಾದ ಮಸ್ಕಿ, ತಾಲ್ಲೂಕು ಕೇಂದ್ರವಾದದ್ದು ತೀರ ಈಚೆಗೆ. ಅಲ್ಲಿ ಹೊಸ ಕಚೇರಿಗಳು ಒಂದೊಂದಾಗಿ ನೆಲೆಗೊಳ್ಳಬೇಕಾಯಿತು.

ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರು ಮತ್ತಿತರ ನಗರಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುವುದುಂಟು. ದೂರದ ಅಪ್ಪ-ಅಮ್ಮನನ್ನೂ ಮಗುವನ್ನೂ ಬೆಸೆಯುವ ಒಂದೇ ಕೊಂಡಿ ಮೊಬೈಲು. ಬೇರೆಡೆ ಮಗುವಿನ ಕೈಯಿಂದ ಅದನ್ನು ಕಸಿದುಕೊಳ್ಳಿ ಎನ್ನುವ ಸಲಹೆ ಇಲ್ಲಿ ಅಷ್ಟು ಸುಲಭವಾಗಿ ಸಲ್ಲದು. ಹೆತ್ತವರೊಡನೆ ಗುಳೆ ಹೋದ ಮಗುವಾದರೋ, ಶಾಲೆ-ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದ ದಿನ ಊರಿನಲ್ಲಿರುವುದಿಲ್ಲ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಲ್ಲಿ ಬೆಳವಣಿಗೆಯ ತೊಂದರೆಗಳನ್ನೂ ಹುಡುಕಬೇಕಾದದ್ದು. ಹಳ್ಳಿಯ ಬಡ ಮಗುವಿನ ಪಾಲಿಗೆ ಅದೇ ಮೊದಲ ಜರಡಿ.

ಜರಡಿಯಲ್ಲಿ ಸಿಕ್ಕ ಮೇಲೂ ಪೂರ್ಣ ತಪಾಸಣೆಗೆ ಸಾಮಾನ್ಯವಾಗಿ ಎರಡು ತಾಸು ಬಸ್ಸಿನಲ್ಲಿ ರಾಯಚೂರಿಗೆ, 2007ರಲ್ಲಿ ಆರಂಭವಾದ ರಿಮ್ಸ್‌ಗೆ ಹೋಗಬೇಕು. ಅಲ್ಲಿಂದ ಕೆಲವರು ಬೆಂಗಳೂರಿನ ನಿಮ್ಹಾನ್ಸ್‌ಗೆ, ಮಾತಿನ ತೊಂದರೆಯಿದ್ದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗುವುದುಂಟು. ಎರಡು ದಿನದ ಕೂಲಿ, ಬಸ್ಸಿನ ಖರ್ಚು, ಮರುಭೇಟಿ. ಏಮ್ಸ್ ರಾಯಚೂರಿಗೇ ಬೇಕೆಂದು 2022ರಲ್ಲಿ ಆರಂಭವಾದ ಧರಣಿಯ ಹಿಂದೆ ಇಂತಹ ಪ್ರಯಾಣಗಳ ದಣಿವೂ ಇದೆ. ತಪಾಸಣೆಯ ಭಾಷೆಯೂ ಒಂದು ತೊಡಕು: ಮನೆಯಲ್ಲಿ ಬಂಗಾಳಿಯನ್ನೋ ತೆಲುಗನ್ನೋ ಆಡುವ ಮಗುವನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಫಲಿತಾಂಶ ಎಷ್ಟು ನಂಬಿಕೆಗೆ ಅರ್ಹ?

ವ್ಯಂಗ್ಯವೆಂದರೆ, ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ನೆರೆಯ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ ‘ಬಳ್ಳಾರಿ ಮಾದರಿ’ಯಾಗಿ 1996ರಿಂದ ಬೇರೆ ಜಿಲ್ಲೆಗಳಿಗೆ ಹರಡಿತು. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ವ್ಯವಸ್ಥೆಯನ್ನೂ ರಾಜ್ಯ ಸರ್ಕಾರ ರೂಪಿಸಿತು. ಇವೆಲ್ಲ ಮುಖ್ಯವಾಗಿ ಗುಳಿಗೆಯಿಂದ ಗುಣ ಕಾಣುವ ಕಾಯಿಲೆಗಳಿಗೆ ಒದಗುವಂಥವು. ಆಟಿಸಂಗೆ ಗುಳಿಗೆಯಿಲ್ಲ, ತಿಂಗಳುಗಟ್ಟಲೆ ಜೊತೆಯಲ್ಲಿ ಕುಳಿತು ಕಲಿಸುವವರು ಬೇಕು. ತಾಲ್ಲೂಕಿನಲ್ಲಿ ಸಿಗುವುದು ಕಷ್ಟವಾದದ್ದು ಅದೇ.

ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನ ಉಳ್ಳವರ ಮಗ ಠಾಣೆಗೆ ಬರುವಾಗ ಐದು ವರ್ಷದ ಹಿಂದಿನ ವೈದ್ಯಕೀಯ ಕಡತ ಜೊತೆಗೆ ಬರುತ್ತದೆ. ಮಸ್ಕಿಯ ಹುಡುಗ ಬರುವಾಗ ‘ಮೊದಲಿಂದಲೂ ಕಿಡಿಗೇಡಿ’ ಎಂಬ ಹೆಸರು ಮಾತ್ರ ಬರುತ್ತದೆ. ಪ್ರಕರಣ ದಾಖಲಾದ ಮೇಲೆ ಓಡಾಡಿ ತಂದ ಪ್ರಮಾಣಪತ್ರವನ್ನು ಎದುರಾಳಿ ವಕೀಲರು ಸಂಶಯದಿಂದ ಕಾಣುವುದು ಸಹಜ. ಒಂದೇ ಕಾನೂನು, ಒಂದೇ ತೊಂದರೆ. ಫಲ ಮಾತ್ರ ಕಡತವಿದ್ದವನಿಗೆ ಒಂದು, ಇಲ್ಲದವನಿಗೆ ಇನ್ನೊಂದು.

ದಾಖಲೆ, ರಕ್ಷಣೆ, ನೆರವು

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಗುರುತಿಸುವ 21 ಬಗೆಗಳಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆಗಳಿವೆ, ಎ.ಡಿ.ಎಚ್.ಡಿ. ಇಲ್ಲ. ಆದ್ದರಿಂದ ಎ.ಡಿ.ಎಚ್.ಡಿ. ಮಾತ್ರ ಇರುವವರಿಗೆ ಆ ಹೆಸರಿನಲ್ಲಿ ಅಂಗವಿಕಲ ಪ್ರಮಾಣಪತ್ರ ಸಿಗುವುದಿಲ್ಲ. ಅಂಥವರು ಆಸ್ಪತ್ರೆಯ ಚೀಟಿ, ಔಷಧಿಯ ದಾಖಲೆ, ಶಾಲೆಯ ಪತ್ರಗಳನ್ನೇ ಜೋಪಾನವಾಗಿಡಬೇಕು. ಆಟಿಸಂ ಅಳೆಯಲು 40 ಅಂಶಗಳ ಭಾರತೀಯ ಮಾಪಕವಿದ್ದು, ಅದರ ಆಧಾರದ ಮೇಲೆ ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡು ಪಡೆಯಬಹುದು. ಅರ್ಜಿಗೆ ನೆರವಾಗಲು ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಶಾಲಾ ಮಕ್ಕಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ಇದ್ದಾರೆ.

ಇದೇ ಅಧಿನಿಯಮದ 92ನೆಯ ಕಲಂ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆ. ಆಟಿಸಂ ಇರುವ ಹುಡುಗ ಕೈ ಬೀಸುತ್ತ ನಡೆಯುವುದನ್ನು ಚಿತ್ರೀಕರಿಸಿ, ನಗೆಯ ಹಾಡು ಜೋಡಿಸಿ ಹಂಚುವವರು ಈ ಕಲಮನ್ನು ಓದುವುದು ಒಳ್ಳೆಯದು. ಅವರ ಪಾಲಿಗೆ ಯಾವ ತೊಂದರೆಯ ನೆಪವೂ ಇರುವುದಿಲ್ಲ.

ಠಾಣೆಯಿಂದ ಕರೆ ಬಂದಾಗ ನೆನಪಿಡಬೇಕಾದ ಕೆಲವು ಸಂಗತಿಗಳು. ಮಾಹಿತಿ ತಂತ್ರಜ್ಞಾನ ಅಧಿನಿಯಮದ ಅಪರಾಧಗಳನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸಾಕ್ಷಿಯಾಗಿ ಕರೆಯುವುದಾದರೆ, ಮಾನಸಿಕ ಅಥವಾ ದೈಹಿಕ ನ್ಯೂನತೆ ಇರುವವರನ್ನು ಮನೆಯಲ್ಲಿಯೇ ವಿಚಾರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಂ ಹೇಳುತ್ತದೆ. ತನ್ನ ಪರವಾಗಿ ವಾದಿಸಿಕೊಳ್ಳಲು ಆರೋಪಿ ಅಶಕ್ತನೆಂದು ಕಂಡರೆ 367, 368ನೆಯ ಕಲಮುಗಳ ಪ್ರಕಾರ ವೈದ್ಯಕೀಯ ಪರೀಕ್ಷೆಗೆ ನ್ಯಾಯಾಲಯವನ್ನು ಕೋರಬಹುದು. ತಪ್ಪು ಸಾಬೀತಾದರೂ, 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದಡಿ ಸೆರೆಗೆ ಬದಲಾಗಿ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶ ಅನೇಕ ಅಪರಾಧಗಳಲ್ಲಿದೆ.

ಅಂಗವಿಕಲರಿಗೂ ಮಕ್ಕಳಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಒದಗಿಸಬೇಕೆಂದು ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987ರ 12ನೆಯ ಕಲಂ ಹೇಳುತ್ತದೆ. ಸಂದೇಶ ಕಳಿಸಿದ ಹುಡುಗನಿಗೆ ಇರುವಂತೆಯೇ ಸಂದೇಶ ಬಂದ ಯುವತಿಗೂ ಇದೆ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ನೇರವಾಗಿ, ಅಥವಾ 15100ಕ್ಕೆ ಕರೆ ಮಾಡಿ ಸಂಪರ್ಕಿಸಬಹುದು. ಅಂತರ್ಜಾಲದ ಹಣ ವಂಚನೆಗೆ 1930, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಇವೆ; ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.